ಭಾವನಿಗೆ ಕಾರೆಂದರೆ ಗೊತ್ತು

ಹಳೇ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಮೋಟಾರು ಎರಡೂ ಇರುವ ಕಾರು, ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ ಮೇಲೆ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. 'ಬ್ಯಾಟರಿ ಹೇಗಿದೆ ಸಾರ್?' ಅದನ್ನು ಕೇಳುವಾಗ ದನಿ ತಗ್ಗುತ್ತದೆ, ಐಸಿಯು ಬಾಗಿಲಲ್ಲಿ ನಿಂತು ರೋಗಿಯ ಕಡೆಯವರನ್ನು ವಿಚಾರಿಸುವ ಹಾಗೆ. ಚೆನ್ನಾಗಿದೆ ಎಂದರೆ ನಂಬುವುದಿಲ್ಲ. ಪರವಾಗಿಲ್ಲ ಎಂದರೆ ಫೋನ್ ಇಟ್ಟುಬಿಡುತ್ತಾರೆ. ಪರೀಕ್ಷೆ ಮಾಡಿಸಿದ ರಿಪೋರ್ಟ್ ಇದೆ, ಕಳಿಸಲಾ ಎಂದರೆ, 'ರಿಪೋರ್ಟ್ ಹೇಗೆ ಬೇಕಾದರೂ ಬರೆಸಬಹುದು ಬಿಡಿ ಸಾರ್.'

ಆ ದೊಡ್ಡ ಬ್ಯಾಟರಿಗೆ ಏನೂ ಆಗಿಲ್ಲ. ಆಗಿರುವುದೆಲ್ಲ ಚಿಲ್ಲರೆ ವಿಷಯಗಳು. ಹಿಂದಿನ ಎಡಗಡೆ ಕಿಟಕಿಯ ಸ್ವಿಚ್ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಬಂಪರ್ ಮೇಲೆ ಒಂದು ಗೀರಿದೆ. ಮಳೆಯಲ್ಲಿ ನಿಂತ ಮರುದಿನ ಮೊದಲ ಸಲ ಬ್ರೇಕ್ ಒತ್ತಿದರೆ ಕರ್ ಅನ್ನುತ್ತದೆ. ಈ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡಿ, ಆ ಶಕ್ತಿಯನ್ನು ಬ್ಯಾಟರಿಗೆ ತುಂಬಿಸುತ್ತದೆ. ಹಾಗಾಗಿ ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ. ಆದರೆ ಕೆಲಸವಿಲ್ಲದೆ ಕೂತ ಡಿಸ್ಕ್ ತುಕ್ಕು ಹಿಡಿಯುತ್ತದೆ. ಇನ್ನು ಆ ಸಣ್ಣ 12 ವೋಲ್ಟಿನ ಬ್ಯಾಟರಿಗೆ ವಯಸ್ಸಾಗಿದೆ. ಅದು ಸತ್ತರೆ 200 ವೋಲ್ಟಿನ ದೊಡ್ಡಣ್ಣ ತುಂಬಿ ತುಳುಕುತ್ತಿದ್ದರೂ ಕಾರು ಕಣ್ಣೇ ಬಿಡುವುದಿಲ್ಲ. ಆದರೆ ಆ ಪಾಪದ ಸಣ್ಣದನ್ನು ಇಲ್ಲಿಯವರೆಗೆ ಯಾರೂ ವಿಚಾರಿಸಿಲ್ಲ.

ಕೊಳ್ಳುವವರು ಒಬ್ಬರೇ ಬರುವುದೂ ಇಲ್ಲ. ಜೊತೆಗೆ ಕಾರೆಂದರೆ ಗೊತ್ತಿರುವವರೊಬ್ಬರು ಇರಲೇಬೇಕು. ಮೊನ್ನೆ ಬಂದ ಹುಡುಗ ಒಳ್ಳೆಯವನೇ. ಕಾರು ನೋಡಿ ಖುಷಿಯಾದ, ಸೀಟು ಸವರಿದ. 'ನಮ್ಮ ಭಾವನಿಗೆ ಕಾರೆಂದರೆ ಗೊತ್ತು, ಅವರೊಂದು ಸಲ ನೋಡಿಬಿಡಲಿ' ಎಂದ. ಭಾವ ಅಲ್ಲಿಯವರೆಗೆ ಸ್ವಲ್ಪ ದೂರದಲ್ಲಿ, ಕೈಕಟ್ಟಿಕೊಂಡು, ಟೈರನ್ನು ಅನುಮಾನದಿಂದ ನೋಡುತ್ತ ನಿಂತಿದ್ದರು.

ಭಾವ ಒಳಗೆ ಕೂತು ಬ್ರೇಕ್ ತುಳಿದು ಬಟನ್ ಒತ್ತಿದರು. 'ರೆಡಿ' ಎಂಬ ಹಸಿರು ದೀಪ ಹೊತ್ತಿತು. ಭಾವ ಕಾದರು. ಸದ್ದಿಲ್ಲ. ಮತ್ತೆ ಒತ್ತಿದರು, ದೀಪ ಆರಿತು. ಮತ್ತೆ ಒತ್ತಿದರು, ಹೊತ್ತಿತು. ನಾನು ಆಗಷ್ಟೇ ಓಡಿಸಿ ತಂದಿದ್ದೆ. ಎಂಜಿನ್ ಬಿಸಿಯಾಗಿಯೇ ಇತ್ತು, ಅದಕ್ಕೀಗ ಏಳುವ ಅಗತ್ಯ ಇರಲಿಲ್ಲ.

'ಸ್ಟಾರ್ಟಿಂಗ್ ಟ್ರಬಲ್ ಇದೆಯಪ್ಪಾ' ಎಂದು ಹುಡುಗನಿಗೆ ಹೇಳಿದರು. ನನಗಲ್ಲ.

'ಸ್ಟಾರ್ಟ್ ಆಗಿದೆ ಸಾರ್' ಎಂದೆ.

'ಎಲ್ಲಿ?'

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಭಾವ ಇಳಿದು ಬಾನೆಟ್ ಎತ್ತಿಸಿದರು. ಒಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡಿತು. 'ಈ ವೈರಿಂಗೆಲ್ಲ ಹೊರಗಡೆ ಮಾಡಿಸಿದ್ದಾ?' ಎಂದರು. ಅದು ಕಂಪನಿಯದ್ದೇ, ಹೈ ವೋಲ್ಟೇಜ್ ಅಂತ ಗೊತ್ತಾಗಲಿ ಎಂದೇ ಆ ಬಣ್ಣ, ದಯವಿಟ್ಟು ಮುಟ್ಟಬೇಡಿ ಎಂದೆ. ಭಾವ ಹುಡುಗನ ಕಡೆ ಒಂದು ನೋಟ ಹಾಯಿಸಿದರು. ಆಮೇಲೆ ಬಗ್ಗಿ ಸ್ಟಾರ್ಟರ್ ಮೋಟಾರ್ ಹುಡುಕತೊಡಗಿದರು. ಈ ಜಾತಿಯ ಕಾರಿನಲ್ಲಿ ಬೇರೆ ಸ್ಟಾರ್ಟರ್ ಇರುವುದಿಲ್ಲ. ಆಲ್ಟರ್ನೇಟರೂ ಇಲ್ಲ. ಕ್ಲಚ್ಚೂ ಇಲ್ಲ. ಒಂದೊಂದನ್ನೂ ಅವರು ಕೇಳಿದರು, ಒಂದೊಂದಕ್ಕೂ ನಾನು ಇಲ್ಲ ಎಂದೆ. ಕೇಳುವವರಿಗೆ ನಾನು ಅವನ್ನೆಲ್ಲ ಬಿಚ್ಚಿ ಮಾರಿಕೊಂಡಿದ್ದೇನೆ ಅನಿಸಿರಬೇಕು.

ಅಷ್ಟರಲ್ಲಿ ಎಸಿ ಓಡಿ ಓಡಿ ಬ್ಯಾಟರಿ ಸ್ವಲ್ಪ ಇಳಿದಿತ್ತು. ಕಾರು ತನ್ನ ಪಾಡಿಗೆ ತಾನು ಎಂಜಿನ್ ಎಬ್ಬಿಸಿತು. ಭಾವನ ತಲೆ ಬಾನೆಟ್ ಒಳಗೇ ಇತ್ತು. 'ಯಾರ್ರೀ ಸ್ಟಾರ್ಟ್ ಮಾಡಿದ್ದು!' ಎಂದು ಚಂಗನೆ ಹಿಂದೆ ಹಾರಿದರು. ಕಾರಿನೊಳಗೆ ಯಾರೂ ಇರಲಿಲ್ಲ. ಹುಡುಗ ಆಚೆ ತಿರುಗಿ ಕೆಮ್ಮಿದ. ಎಂಜಿನ್ ಸ್ವಲ್ಪ ಹೊತ್ತು ಓಡಿ, ಬ್ಯಾಟರಿ ತುಂಬಿಸಿ, ಮತ್ತೆ ಸುಮ್ಮನಾಯಿತು. 'ನೋಡಿ, ಆಫ್ ಆಗೋಯ್ತು' ಎಂದರು ಭಾವ. ಈಗ ಅವರ ಮುಖದಲ್ಲಿ ಗೆದ್ದ ಕಳೆ ಇತ್ತು.

ಫರ್ಡಿನಾಂಡ್ ಪೋರ್ಷೆ ಎಂಬ ಎಂಜಿನಿಯರ್ 1900ರಲ್ಲೇ ಪೆಟ್ರೋಲ್ ಎಂಜಿನ್ನಿಂದ ಕರೆಂಟ್ ತೆಗೆದು ಮೋಟಾರಿನಿಂದ ಚಕ್ರ ತಿರುಗಿಸಿದ್ದರು. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರಲ್ಲಿ. ಸುದ್ದಿ ಭಾವಂದಿರ ತನಕ ಇನ್ನೂ ತಲುಪಿಲ್ಲ. ಗೊತ್ತಿಲ್ಲದಿರುವುದಕ್ಕೆ ನನ್ನ ತಕರಾರಿಲ್ಲ, ನನಗೂ ಅರ್ಧಕ್ಕರ್ಧ ಗೊತ್ತಿಲ್ಲ. ಇಲ್ಲದ ಕ್ಲಚ್ ಪ್ಲೇಟಿಗೆ, ಇಲ್ಲದ ಆಲ್ಟರ್ನೇಟರಿಗೆ ಖರ್ಚು ಲೆಕ್ಕ ಹಾಕಿ ನನ್ನ ರೇಟಿನಲ್ಲಿ ಕಳೆಯುತ್ತಾರಲ್ಲ, ಮೈ ಉರಿಯುವುದು ಅದಕ್ಕೆ.

ಟೆಸ್ಟ್ ಡ್ರೈವ್ ಇನ್ನೊಂದು ಶಿಕ್ಷೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಸದ್ದು ಹತ್ತೆಂಟು ಪಾಪಗಳನ್ನು ಮುಚ್ಚಿಹಾಕುತ್ತದೆ. ಇಲ್ಲಿ ಎಂಜಿನ್ ಬಾಯಿ ಮುಚ್ಚಿದ ಕೂಡಲೇ ಉಳಿದವೆಲ್ಲ ಮಾತಾಡುತ್ತವೆ. ಗ್ಲೋವ್ ಬಾಕ್ಸಿನ ಹಿಂದೆಲ್ಲೋ ಒಂದು ಟಿಕ್ ಟಿಕ್ ಇದೆ. ಹೊಸದರಲ್ಲೂ ಇತ್ತು. ನನಗದು ಅಭ್ಯಾಸವಾಗಿತ್ತು. ಪಕ್ಕದಲ್ಲಿ ಕೊಳ್ಳುವವರು ಕೂತಾಗ ಮಾತ್ರ ಅದು ದೇವಸ್ಥಾನದ ಗಂಟೆಯಷ್ಟು ಜೋರಾಗುತ್ತದೆ. ಅದು ಕೇಳದಿರಲಿ ಎಂದು ನಾನು ದಾರಿಯುದ್ದಕ್ಕೂ ಮಾತಾಡುತ್ತೇನೆ. ಜಾಸ್ತಿ ಮಾತಾಡುವ ಮಾರಾಟಗಾರನನ್ನು ಯಾರು ನಂಬುತ್ತಾರೆ, ಅಲ್ವಾ?

ಸಣ್ಣಪುಟ್ಟದ್ದನ್ನೆಲ್ಲ ರಿಪೇರಿ ಮಾಡಿಸಿಯೇ ಮಾರಿ ಎನ್ನುವವರಿದ್ದಾರೆ. ಬಂಪರಿಗೆ ಹೊಸ ಬಣ್ಣ ಬಳಿಸಿದರೆ 'ಎಲ್ಲಿ ಗುದ್ದಿದ್ರಿ?' ಬಳಿಸದಿದ್ದರೆ 'ಗೀರು ಬಿದ್ದಿದೆ.' ಹೊಸ 12 ವೋಲ್ಟ್ ಬ್ಯಾಟರಿ ಹಾಕಿಸಿದೆ ಎಂದರೆ, ಬ್ಯಾಟರಿ ಎಂಬ ಶಬ್ದ ಕಿವಿಗೆ ಬಿದ್ದಿದ್ದೇ ಸಾಕು, ಮುಗಿಯಿತು.

ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯ ಮೇಲೇ ಒಂದು ಲೇಖನ ಪ್ರಕಟಿಸಿದರು. ಅದಕ್ಕೆ ಮುಂಚೆ ಮೂರು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹೇಳಿದ್ದು ಇಷ್ಟು: ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆ ಕಾರಿನವನು ಬೇಸತ್ತು ಮನೆಗೆ ಹೋಗುತ್ತಾನೆ, ಕೆಟ್ಟವು ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. ಬಹಳ ಸರಿ. ಆದರೆ ಬಹುಪಾಲು ಒಳ್ಳೆಯದಾಗಿದ್ದು, ಒಂದು ಕಿಟಕಿಯ ಸ್ವಿಚ್ ಮಾತ್ರ ಕೆಟ್ಟಿರುವ ಕಾರಿನವನು ಏನು ಮಾಡಬೇಕು? ಗ್ಯಾರಂಟಿ ಕೊಡುವುದು ಒಂದು ದಾರಿ ಎಂದು ಅವರೇ ಬರೆದಿದ್ದಾರೆ. ಗ್ಯಾರಂಟಿ ಕೊಡಲು ನಾನೇನು ಕಂಪನಿಯೇ? ಭಾವನಿಗೆ ಸ್ಟಾರ್ಟ್ ಆಗಿದೆ ಎಂದು ನಂಬಿಸಲಿಕ್ಕೇ ನನ್ನಿಂದ ಆಗಲಿಲ್ಲ.

ಕಡೆಗೆ ಜಾಹೀರಾತಿನಲ್ಲಿ ಎಲ್ಲ ದೋಷಗಳನ್ನೂ ಬರೆದುಬಿಟ್ಟೆ. ಸ್ವಿಚ್, ಗೀರು, ಸಣ್ಣ ಬ್ಯಾಟರಿ, ಬ್ರೇಕಿನ ಕರ್. ಫೋಟೋ ಸಮೇತ. ಒಬ್ಬರು ತಕ್ಷಣ ಮೆಸೇಜ್ ಮಾಡಿದರು. 'ಇಷ್ಟನ್ನೇ ಹೇಳ್ತಿದೀರಿ ಅಂದ್ರೆ, ಮುಚ್ಚಿಟ್ಟಿರೋದು ಎಷ್ಟಿರಬೇಕು ಸಾರ್?' ಯೋಚಿಸಿ, ಗ್ಲೋವ್ ಬಾಕ್ಸಿನ ಟಿಕ್ ಟಿಕ್ ಒಂದು ಬಾಕಿ ಇದೆ ಎಂದು ಬರೆದೆ. 'ಗೊತ್ತಿತ್ತು' ಎಂದು ಉತ್ತರ ಬಂತು.