ಹಾಲ್‌ನಿಂದ ಅತ್ತೆ ರೂಮಿಗೆ ಒಂದು ವೈರು

ಮನೆ ಕಟ್ಟಿಸುವಾಗ ನಮ್ಮನೆಯವರು ಹಠ ಹಿಡಿದು ಪ್ರತಿ ರೂಮಿಗೂ ಟಿವಿ ಪಾಯಿಂಟ್ ಹಾಕಿಸಿದ್ದರು. ದೇವರ ಮನೆ ಒಂದು ಬಿಟ್ಟು. ಪೈಪಿನೊಳಗೆ ಕೇಬಲ್ ಎಳೆದ ಎಲೆಕ್ಟ್ರಿಷಿಯನ್ ಎಲ್ಲದರ ತುದಿಯನ್ನೂ ಮೆಟ್ಟಿಲ ಮೇಲಿನ ಮೂಲೆಯ ಡಬ್ಬಿಗೆ ತಂದು ತುರುಕಿ ಹೋದ. ಯಾವ ವೈರು ಯಾವ ರೂಮಿನದು ಅಂತ ಒಂದು ಚೀಟಿ ಅಂಟಿಸಲಿಲ್ಲ ಪುಣ್ಯಾತ್ಮ. ಆಮೇಲೆ ಅದರ ತಂಟೆಗೆ ಯಾರೂ ಹೋಗಲಿಲ್ಲ. ಅಷ್ಟೂ ಪಾಯಿಂಟುಗಳಿಂದ ನನಗೆ ಸಿಕ್ಕಿದ್ದು ಧೂಳು ಒರೆಸುವ ಕೆಲಸ ಮಾತ್ರ.

ಈಗ ಅತ್ತೆಗೆ ಮಂಡಿನೋವು. ಹಾಲ್‌ನ ಸೋಫಾದಲ್ಲಿ ಕೂತರೆ ಏಳೋದು ಕಷ್ಟ. ಮಲಗಿಕೊಂಡೇ ಸೀರಿಯಲ್ ನೋಡುವಂತಾದರೆ ಚೆನ್ನ ಅಂದರು. ಅವರು ಕೇಳಿದ್ದು ಅಷ್ಟೇ. ಕೇಬಲ್‌ನವರಿಗೆ ಹೇಳಿ ಇನ್ನೊಂದು ಸೆಟ್‌ಟಾಪ್ ಬಾಕ್ಸ್ ತರಿಸಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಇನ್ನೊಂದು ಬಾಕ್ಸ್ ಅಂದರೆ ತಿಂಗಳು ತಿಂಗಳು ಇನ್ನೊಂದು ಬಿಲ್ಲು. "ಗೋಡೆಯೊಳಗೆ ವೈರಿದೆ, ಅಟ್ಟದ ಮೇಲೆ ಹಳೇ ಟಿವಿ ಇದೆ, ದುಡ್ಡು ಯಾಕೆ ಕೊಡಬೇಕು?" ಅಂತ ನಮ್ಮನೆಯವರು ಎದ್ದರು.

ಇವರ ತಲೆಯಲ್ಲಿ ಇನ್ನೂ ಹಳೇ ಲೆಕ್ಕವೇ ಇದೆ. ನಮ್ಮ ಮೈಸೂರಿನಲ್ಲಿ 2013ರ ಮಾರ್ಚ್‌ವರೆಗೆ ಕಂಬದಿಂದ ಬಂದ ಒಂದು ಕೇಬಲ್‌ಗೆ ಸ್ಪ್ಲಿಟರ್ (ಒಂದು ವೈರನ್ನು ಹಲವು ವೈರಿಗೆ ಹಂಚುವ ಪುಟ್ಟ ಡಬ್ಬಿ) ಸಿಕ್ಕಿಸಿದರೆ ಮುಗೀತು, ಹಾಲ್‌ನಲ್ಲಿ ಒಂದು ಚಾನಲ್, ರೂಮಿನಲ್ಲಿ ಇನ್ನೊಂದು. ಬೇಕಾದ್ದನ್ನು ಟಿವಿಯೇ ಹೆಕ್ಕಿಕೊಳ್ಳುತ್ತಿತ್ತು. ಆಮೇಲೆ ಸರ್ಕಾರ ಡಿಜಿಟಲ್ ಕಡ್ಡಾಯ ಮಾಡಿತು. ಎರಡನೇ ಹಂತದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ನಮ್ಮ ಊರೂ ಇತ್ತು. ಈಗಲೂ ಎಲ್ಲ ಚಾನಲ್ ಒಂದೇ ವೈರಿನಲ್ಲಿ ಬರುತ್ತವೆ. ಆದರೆ ಎನ್‌ಕ್ರಿಪ್ಟ್ ಆಗಿ, ಅಂದರೆ ಬೀಗ ಹಾಕಿಕೊಂಡು ಬರುತ್ತವೆ. ಬಿಡಿಸೋಕೆ ಬಾಕ್ಸೇ ಬೇಕು, ನಮ್ಮ ಬಾಕ್ಸ್ ಬಿಡಿಸಿ ತೋರಿಸೋದು ಒಂದು ಸಲಕ್ಕೆ ಒಂದೇ ಚಾನಲ್ಲು.

ಇದಕ್ಕೆ ಇವರು ಕಂಡುಹಿಡಿದ ಉಪಾಯ ಮಾಡ್ಯುಲೇಟರ್. ಅಂಗೈಯಗಲದ ಡಬ್ಬಿ. ಬಾಕ್ಸಿನ ಹಿಂದಿರುವ ಹಳದಿ, ಕೆಂಪು, ಬಿಳಿ ತೂತುಗಳಿಂದ ಚಿತ್ರ, ಸದ್ದು ತೆಗೆದು ಇದಕ್ಕೆ ಕೊಟ್ಟರೆ ಅದನ್ನು ಹಳೇ ಕಾಲದ ಅನಲಾಗ್ ಚಾನಲ್ ಮಾಡಿ ಗೋಡೆಯ ಕೇಬಲ್‌ಗೆ ಬಿಡುತ್ತೆ. ಆ ಕಡೆ ಟಿವಿಯಲ್ಲಿ ಆಟೋ ಟ್ಯೂನ್ ಒತ್ತಿದರೆ ಆಯ್ತು. ಊಟಕ್ಕೆ ಕೂತಾಗ ಇದನ್ನೆಲ್ಲ ನನಗೆ ವಿವರಿಸಿದರು. ಸಾರು ಆರಿಹೋಯ್ತು.

ವೈರಿನ ತುದಿಗಳಿಗೆ ಕನೆಕ್ಟರ್ ಹಾಕೋಕೆ ಕೇಬಲ್ ಹುಡುಗ ಬಂದ. "ಐದು ನಿಮಿಷ ಆಂಟಿ" ಅಂದವನು ಬಂದದ್ದು ಮಾರನೇ ದಿನ ಮಧ್ಯಾಹ್ನ. ಅದಿರಲಿ, ಅವನು ಕೆಲಸ ಮಾಡೋದು ಹಲ್ಲಿನಲ್ಲಿ. ಕೇಬಲ್‌ನ ತುದಿಯನ್ನು ದವಡೆಗೆ ಕೊಟ್ಟ, ಇನ್ನೊಂದು ಕೈಯಲ್ಲಿ ಕೇಬಲ್ಲನ್ನು ಒಂದು ಸುತ್ತು ತಿರುಗಿಸಿದ, ತಲೆ ಪಕ್ಕಕ್ಕೆ ಎಳೆದ. ಕಪ್ಪು ಸಿಪ್ಪೆ ಟಕ್ ಅಂತ ಕಿತ್ತು ಬಂತು. ಅದನ್ನು ಬಾಯಿಯ ಮೂಲೆಗೆ ಸರಿಸಿಕೊಂಡೇ ಒಳಗಿನ ಬೆಳ್ಳಿ ಬಣ್ಣದ ಜಾಲರಿಯನ್ನು ಉಗುರಿನಿಂದ ಬಿಡಿಸಿ ಹಿಂದಕ್ಕೆ ಮಡಚಿದ. ಆಮೇಲೆ ನಡುವಿನ ಬಿಳಿ ಭಾಗಕ್ಕೆ ಮುಂದಿನ ಹಲ್ಲು. ತಾಮ್ರದ ತಂತಿ ಈಚೆ ಬಂತು, ಒಂದು ಗೀರೂ ಬೀಳಲಿಲ್ಲ. ಜಾಲರಿಯ ಒಂದೇ ಒಂದು ಎಳೆ ಆ ತಂತಿಗೆ ತಾಗಿದರೂ ಚಿತ್ರ ಬರಲ್ಲ ಅಂತ ಸಿಪ್ಪೆ ಬಾಯಲ್ಲಿಟ್ಟುಕೊಂಡೇ ನನಗೆ ಪಾಠ ಬೇರೆ.

ಅವನ ಬ್ಯಾಗಿನಲ್ಲಿ ಕಟರ್ ಇತ್ತು. ಕೇಬಲ್ ಸುಲಿಯೋಕೇ ಅಂತ ಇರುವ ಸಾಧನವೂ ಇತ್ತು, ಕವರ್ ಕೂಡ ತೆಗೆದಿರಲಿಲ್ಲ. "ಅದ್ಯಾಕಪ್ಪಾ ಹಾಗೇ ಇಟ್ಟಿದ್ದೀಯ?" ಅಂದೆ. "ಅದು ಆಫೀಸಿನೋರು ಕೊಟ್ಟಿದ್ದು ಆಂಟಿ. ಹಾಳಾದ್ರೆ ನನ್ ಸಂಬಳದಲ್ಲಿ ಹಿಡ್ಕೋತಾರೆ." ಹಲ್ಲು ಹಾಳಾದರೆ ಯಾರೂ ಹಿಡ್ಕೊಳ್ಳಲ್ಲವಲ್ಲ, ಸರಿಯೇ.

ಅತ್ತೆಗೆ ಕರುಣೆ ಉಕ್ಕಿತು. ಡಬ್ಬಿ ತೆಗೆಸಿ ಕೋಡುಬಳೆ ಕೊಡಿಸಿದರು. ಅವನು ಮುಟ್ಟಲಿಲ್ಲ. "ಬೇಡ ಅಜ್ಜಿ, ಗಟ್ಟಿ ಇರುತ್ತೆ, ನಂಗೆ ಹಲ್ಲುನೋವು" ಅಂದು, ಮುಂದಿನ ಕೇಬಲ್ ಬಾಯಿಗೆ ಹಾಕಿಕೊಂಡ. ಮೆಟ್ಟಿಲ ತುಂಬ ಅವನು ಉಗುಳಿದ ಕಪ್ಪು ಸಿಪ್ಪೆ. ಗುಡಿಸಿದ್ದು ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ?

ಒಂದೇ ರೂಮಿಗೆ ಕೊಟ್ಟು ಸುಮ್ನಿರಬಹುದಿತ್ತು. "ಮುಂದೆ ಬೇಕಾಗುತ್ತೆ" ಅಂತ ಇವರು ನಾಲ್ಕು ಬಾಯಿಯ ಸ್ಪ್ಲಿಟರ್ ಹಾಕಿಸಿದರು. ಅದು ಒಂದು ಲೋಟ ಮಜ್ಜಿಗೆಯನ್ನು ನಾಲ್ಕು ಲೋಟಕ್ಕೆ ಹಂಚಿದ ಹಾಗೆ. ಸುಮಾರು 7 ಡೆಸಿಬೆಲ್ ನಷ್ಟ ಅಂತೆ. ಒಂದೊಂದು ಬಾಯಿಗೆ ಸಿಗ್ನಲ್ಲಿನ ಕಾಲು ಭಾಗವೂ ಸಿಗಲ್ಲ. ಯಾವ ವೈರು ಅತ್ತೆ ರೂಮಿನದು ಅಂತ ಗೊತ್ತಿಲ್ಲದೆ ಒಂದೊಂದನ್ನೇ ಸಿಕ್ಕಿಸುತ್ತ ಇವರು ಮೆಟ್ಟಿಲ ಮೇಲಿಂದ "ಬಂತಾ?" ಅಂತ ಕೂಗೋದು, ನಾನು ರೂಮಿಂದ "ಇಲ್ಲ" ಅಂತ ಕೂಗೋದು. ಕೊನೆಗೆ ಬಂತು. ಪರದೆ ತುಂಬ ಚುಕ್ಕಿ, ಅದರ ಹಿಂದೆ ಯಾರೋ ಅಳುತ್ತಿದ್ದರು.

ಆ ಚುಕ್ಕಿ ನೋಡಿ ಎಷ್ಟು ವರ್ಷ ಆಗಿತ್ತು! ಈಗಿನ ಡಿಜಿಟಲ್ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತೆ, ಇಲ್ಲಾ ಕಪ್ಪಾಗುತ್ತೆ. ಆಗ ಹಾಗಲ್ಲ, ಸಿಗ್ನಲ್ ಕಮ್ಮಿಯಾದರೂ ಮುಖ ಕಾಣುತ್ತಿತ್ತು. ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತ ಅಣ್ಣ ಇದೇ "ಬಂತಾ?" ಕೂಗುತ್ತಿದ್ದ. ಚಪ್ಪಟೆ ವೈರು ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು. ನಾನು ಬಾಗಿಲಲ್ಲಿ, ಅಮ್ಮ ಟಿವಿ ಮುಂದೆ, ಪಕ್ಕದ ಮನೆಯ ಮಕ್ಕಳೆಲ್ಲ ನೆಲದ ಮೇಲೆ. "ಬಂತು ಬಂತು... ಅಯ್ಯೋ ಹೋಯ್ತು!" ಅಂತ ಅಷ್ಟೂ ಜನ ಒಟ್ಟಿಗೆ ಕೂಗುತ್ತಿದ್ದೆವು. ಅಣ್ಣ ಈಗ ಫೋನಿನಲ್ಲೇ ನೋಡುತ್ತಾನೆ, ಒಬ್ಬನೇ.

ಸ್ಪ್ಲಿಟರ್ ಕಿತ್ತು ವೈರಿಗೆ ವೈರು ನೇರ ಜೋಡಿಸಿದ ಮೇಲೆ ಚಿತ್ರ ಶುದ್ಧವಾಯಿತು. ಇವರು ಎದೆಯುಬ್ಬಿಸಿ ಹಾಲ್‌ಗೆ ಬಂದು ಕೂತರು. ಏಳೂವರೆಗೆ ಐಪಿಎಲ್ ಮ್ಯಾಚ್ ಶುರು. ಏಳೂವರೆಗೇ ಅತ್ತೆಯ ಸೀರಿಯಲ್ಲೂ ಶುರು. ರೂಮಿನಲ್ಲಿ ಕಂಡಿದ್ದು ಫೀಲ್ಡಿಂಗ್ ನಿಲ್ಲಿಸುತ್ತಿದ್ದ ಕ್ಯಾಪ್ಟನ್. ಅತ್ತೆ ರಿಮೋಟ್ ಒತ್ತಿದ್ದೇ ಒತ್ತಿದ್ದು. ರಿಮೋಟಿನ ಬೆಳಕು ಗೋಡೆ ದಾಟಲ್ಲ, ಬಾಕ್ಸ್ ಇರೋದು ಹಾಲ್‌ನಲ್ಲಿ. ಮಗನ ಮೊಬೈಲಿಗೆ ಫೋನ್ ಮಾಡಿದರು. "ಚಾನಲ್ ಬದಲಾಯಿಸೋ." "ಒಂದೇ ಓವರ್ ಅಮ್ಮಾ." ಮತ್ತೆ ಫೋನು. ಈ ಸಲ ಇವರು ಎತ್ತಲಿಲ್ಲ. ನನ್ನ ಫೋನ್ ಬಡಿಯಿತು. "ಅವನಿಗೆ ಹೇಳಮ್ಮ." ನಾನು ಚಪಾತಿ ಲಟ್ಟಿಸುತ್ತಿದ್ದೆ, ಹಿಟ್ಟಿನ ಕೈಯಲ್ಲಿ ಸ್ಪೀಕರ್ ಹಾಕಿದೆ. ಅವರಿಬ್ಬರೂ ಒಂದೇ ಮನೆಯಲ್ಲಿ ಕೂತು ನನ್ನ ಫೋನಿನ ಮೂಲಕ ಜಗಳವಾಡಿದರು.

ಕಡೆಗೆ ಅತ್ತೆಯೇ ಕೋಲೂರಿಕೊಂಡು ಹಾಲ್‌ಗೆ ಬಂದರು. ರಿಮೋಟ್ ಕಸಿದು ಚಾನಲ್ ಬದಲಾಯಿಸಿದರು. ಮತ್ತೆ ಅಷ್ಟು ದೂರ ಯಾರು ನಡೀತಾರೆ ಅಂತ ಸೋಫಾದಲ್ಲೇ ಕೂತರು. ನಮ್ಮನೆಯವರು ಮುಖ ಊದಿಸಿಕೊಂಡು, ಮ್ಯಾಚನ್ನು ಅಲ್ಲೇ ನೋಡ್ಕೋತೀನಿ ಅಂತ ಅತ್ತೆಯ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ನನ್ನ ಫೋನ್ ಬಡಿಯಿತು.