ಹನ್ನೆರಡಕ್ಕೆ ಐದು ನಿಮಿಷ

1996ರ ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹುಟ್ಟಿದವನು ಮಿಲೇನಿಯಲ್. ಹತ್ತು ನಿಮಿಷ ತಡವಾಗಿ ಬಂದ ಅವನ ಅವಳಿ ತಮ್ಮ ಜೆನ್ ಝೀ. ಹುಟ್ಟಿದ ವರ್ಷ ನೋಡಿ ಜನರನ್ನು ಪೀಳಿಗೆಗಳಾಗಿ ವಿಂಗಡಿಸಲು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಎಳೆದ ಗೆರೆಯ ಪ್ರಕಾರ (1996ರವರೆಗೆ ಹುಟ್ಟಿದವರು ಮಿಲೇನಿಯಲ್, ಆಮೇಲಿನವರು ಜೆನ್ ಝೀ) ಹೀಗಾಗಬೇಕು. ಗೆರೆ ಎಳೆಯಲಿ ಬಿಡಿ. ಆದರೆ ಅದನ್ನೇ ನಂಬಿಕೊಂಡು ಅಣ್ಣನಿಗೊಂದು ಸ್ವಭಾವ, ತಮ್ಮನಿಗೊಂದು ಸ್ವಭಾವ ಹಂಚುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಇದ್ದುದರಲ್ಲಿ ಬೂಮರ್‌ಗಳ, ಅಂದರೆ ಎರಡನೇ ಮಹಾಯುದ್ಧದ ನಂತರ ಜನನ ಏರಿದ ಕಾಲದಲ್ಲಿ ಹುಟ್ಟಿದವರ, ಗಡಿಗೆ (1946ರಿಂದ 1964) ಒಂದಿಷ್ಟು ಆಧಾರವಿದೆ. ಅಮೆರಿಕದಲ್ಲಿ 1945ರಲ್ಲಿ ಹುಟ್ಟಿದ ಮಕ್ಕಳು ಸುಮಾರು 29 ಲಕ್ಷ, ಮರುವರ್ಷ 34 ಲಕ್ಷ, 1957ರಲ್ಲಿ 43 ಲಕ್ಷ; 1965ರಲ್ಲಿ 40 ಲಕ್ಷಕ್ಕಿಂತ ಕಡಿಮೆ. ಆಮೇಲಿನ ಜೆನ್ ಎಕ್ಸ್‌ಗೂ ಮಿಲೇನಿಯಲ್‌ಗಳಿಗೂ ತಲಾ 16 ವರ್ಷ, ಪಾಲುಪಟ್ಟಿ ಮಾಡಿದ ಹಾಗೆ.

ಹುಟ್ಟಿದ ತಾರೀಖು ನಿಜಕ್ಕೂ ಜನರನ್ನು ಬೇರೆಮಾಡಿದ್ದು ನೋಡಬೇಕಿದ್ದರೆ 1969ರ ಡಿಸೆಂಬರ್ 1ಕ್ಕೆ ಹೋಗಬೇಕು. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕರೆಯಲು ಅಂದು ಲಾಟರಿ. ವರ್ಷದ 366 ತಾರೀಖುಗಳಿಗೆ 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್, ಒಂದು ಗಾಜಿನ ಪಾತ್ರೆ. ಮೊದಲು ಬಂದದ್ದು ಸೆಪ್ಟೆಂಬರ್ 14, ಕೊನೆಯದು ಜೂನ್ 8. ತಾರೀಖು ಎಷ್ಟನೆಯದಾಗಿ ಬಂತೋ ಅದೇ ಆ ದಿನ ಹುಟ್ಟಿದವರ ಸಂಖ್ಯೆ; ಮರುವರ್ಷ 195ನೇ ಸಂಖ್ಯೆಯ ತನಕ ಕರೆ ಹೋಯಿತು. ಎಡವಟ್ಟಾದದ್ದು ಕಲಕುವುದರಲ್ಲಿ. ಪಾತ್ರೆಗೆ ಸುರಿಯುವ ಮೊದಲು ಕ್ಯಾಪ್ಸೂಲ್‌ಗಳನ್ನು ತಿಂಗಳ ಸರದಿಯಲ್ಲೇ ಪೆಟ್ಟಿಗೆಗೆ ಹಾಕಿದ್ದರು, ಕಲಕಿದ್ದು ಸಾಲಲಿಲ್ಲ, ವರ್ಷದ ಕೊನೆಯ ತಿಂಗಳುಗಳವು ಬೇಗ ಬೇಗ ಕೈಗೆ ಸಿಕ್ಕವು. ಡಿಸೆಂಬರಿನ 31 ತಾರೀಖುಗಳಲ್ಲಿ 26 ಆ 195ರೊಳಗೇ ಬಿದ್ದವು!

ಆ ಲಾಟರಿ ಅನ್ವಯಿಸಿದ್ದು 1944ರಿಂದ 1950ರವರೆಗೆ ಹುಟ್ಟಿದವರಿಗೆ. ಅಂದರೆ ಬೂಮರ್ ಗಡಿಯ ಆಚೆಯವರೂ ಈಚೆಯವರೂ ಒಂದೇ ಪಾತ್ರೆಯಲ್ಲಿ. ಕಡ್ಡಾಯ ಸೇನಾ ಭರ್ತಿ 1973ರಲ್ಲಿ ನಿಂತಾಗ 1964ರ ಬೂಮರ್‌ಗೆ ಇನ್ನೂ ಒಂಬತ್ತರ ಪ್ರಾಯ. ಇವನನ್ನು ಯುದ್ಧಕ್ಕೆ ಹೋಗಿಬಂದವನ ಜೊತೆ ಒಂದೇ ಪೀಳಿಗೆಗೆ ಸೇರಿಸಿ, ‘ಇವರ ಮನೋಭಾವ ಹೀಗೆ’ ಎನ್ನುವುದು ಯಾವ ಸೀಮೆ ಲೆಕ್ಕ?

ಹೋಲಿಸಲೇಬೇಕಿದ್ದರೆ 1995ರಲ್ಲಿ 25 ಆಗಿದ್ದವರನ್ನು 2020ರಲ್ಲಿ 25 ಆದವರ ಪಕ್ಕ ಇಡಬೇಕು. ಇವತ್ತಿನ ಅರವತ್ತನ್ನೂ ಇವತ್ತಿನ ಇಪ್ಪತ್ತೈದನ್ನೂ ಪಕ್ಕಪಕ್ಕ ಇಟ್ಟರೆ, ಕಂಡ ವ್ಯತ್ಯಾಸ ವಯಸ್ಸಿನದೋ ಪೀಳಿಗೆಯದೋ ಬ್ರಹ್ಮನಿಗೂ ಗೊತ್ತಾಗದು. ಇದಕ್ಕೆ ಹಳೆಯ ಸಮೀಕ್ಷೆಗಳು ಬೇಕು, ಅವುಗಳಲ್ಲಿ ಅದೇ ಪ್ರಶ್ನೆ ಅದೇ ಮಾತಿನಲ್ಲಿ ಕೇಳಿರಬೇಕು. ಅಷ್ಟು ತಾಳ್ಮೆ ಯಾರಿಗಿದೆ?

ಲಾಟರಿಯವರಾದರೂ ಬುದ್ಧಿ ಕಲಿತರು. 1970ರ ಜುಲೈನಲ್ಲಿ ತಾರೀಖಿಗೊಂದು, ಸಂಖ್ಯೆಗೊಂದು ಅಂತ ಎರಡು ಡ್ರಮ್ ತಿರುಗಿಸಿದರು. ಪೀಳಿಗೆ ಕತ್ತರಿಸುವವರು ಮಾತ್ರ 2025ರಿಂದ ‘ಬೀಟಾ’ ಶುರುವಾಯಿತು ಎಂದು ಆಗಲೇ ಅದರ ಗುಣಾವಗುಣ ಬರೆಯತೊಡಗಿದ್ದಾರೆ. ಆ ಪೀಳಿಗೆಯ ಬಹುಪಾಲು ಮಂದಿ ಇನ್ನೂ ಹುಟ್ಟೇ ಇಲ್ಲ.