ಪ್ರಯಾಣದ ಹೊತ್ತು ಹೊಸ್ತಿಲಿಂದ ಎಣಿಸಿ

ಕಳೆದ ನವೆಂಬರಿನಲ್ಲಿ ತಂಗಿಯ ಬಾಣಂತನಕ್ಕೆಂದು ನಮ್ಮವ್ವ ದಾವಣಗೆರೆಯಿಂದ ಲಂಡನ್ನಿಗೆ ಹೋದಳು. ವಯಸ್ಸು 67, ವಿಮಾನ ಹತ್ತಿದ್ದು ಅದೇ ಮೊದಲು. ಅಂಟಿನುಂಡೆ ಡಬ್ಬಿಯನ್ನು ಯಾರ ಕೈಗೂ ಕೊಡದೆ ತೊಡೆ ಮೇಲಿಟ್ಟುಕೊಂಡೇ ಕಾರಲ್ಲಿ ಕೂತಿದ್ದಳು.

ಬೆಂಗಳೂರಿಂದ ಲಂಡನ್ನಿಗೆ ಸುಮಾರು 8,000 ಕಿಲೋಮೀಟರು, ನೇರ ವಿಮಾನಕ್ಕೆ 10–11 ತಾಸು. ಮೊಬೈಲಿನಲ್ಲಿ ಕೇಳಿದರೆ ಇಷ್ಟೇ ಉತ್ತರ. ಆದರೆ ಅವ್ವ ಮನೆ ಬಿಟ್ಟಿದ್ದು ರಾತ್ರಿ 8ಕ್ಕೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹಾಯ್ದು ದೇವನಹಳ್ಳಿ ಮುಟ್ಟಿದಾಗ ಒಂದು ಗಂಟೆ. ಈ 260 ಕಿಲೋಮೀಟರಿನಷ್ಟು ದಾರಿಯನ್ನು ಮೇಲೇರಿದ ವಿಮಾನ 20 ನಿಮಿಷದೊಳಗೆ ದಾಟುತ್ತೆ. ನಮಗೆ 5 ತಾಸು. ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯ್ತು, ನಿಜ. ಆದರೂ ವಿದೇಶಕ್ಕೆ ಹೊರಟ ದಾವಣಗೆರೆಯವರಿಗೆ ಇವತ್ತಿಗೂ ದಾರಿ ದೇವನಹಳ್ಳಿಯೇ.

ಟಿಕೆಟ್ ಮಾಡಿಕೊಟ್ಟವರು 18,000 ರೂಪಾಯಿ ಉಳಿಯುತ್ತೆ ಅಂತ ಗಲ್ಫ್ ಮೇಲಿನ ವಿಮಾನ ಹಾಕಿದ್ದರು. ನಡುವೆ ವಿಮಾನ ಬದಲಿಸೋಕೆ ಬರೀ 75 ನಿಮಿಷ. ಮೊದಲನೆಯದು ಒಂದು ತಾಸು ತಡವಾಗಿ ಹೊರಟಿತು, ಎರಡನೆಯದು ತಪ್ಪಿತು. ಎರಡೂ ಒಂದೇ ಟಿಕೆಟ್ಟಿನಲ್ಲಿದ್ದದ್ದಕ್ಕೆ ಮುಂದಿನ ವಿಮಾನದಲ್ಲಿ ಜಾಗ ಸಿಕ್ಕಿತು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಆ ದುಡ್ಡೂ ನಮ್ಮ ತಲೆಗೇ ಬರುತ್ತಿತ್ತು. ಭಾಷೆ ಗೊತ್ತಿಲ್ಲದ ಊರಲ್ಲಿ 8 ತಾಸು ಒಬ್ಬಳೇ ಕೂತಿದ್ದಾಳೆ. ಎದ್ದು ಹೋದರೆ ಮತ್ತೆ ಜಾಗ ಗುರುತು ಸಿಗುತ್ತೋ ಇಲ್ಲವೋ ಅಂತ ಹೆದರಿ ನೀರನ್ನೂ ಕುಡಿದಿರಲಿಲ್ಲವಂತೆ. ತಂಗಿ ಮನೆ ಸೇರುವಾಗ ನಮ್ಮ ಹೊಸ್ತಿಲು ದಾಟಿ 31 ತಾಸಾಗಿತ್ತು. ಪಾದ ಬಾತು ಚಪ್ಪಲಿಯೇ ಏರುತ್ತಿರಲಿಲ್ಲ.

ಟಿಕೆಟ್ ನೋಡಿ "ಇಷ್ಟೇನಾ" ಅಂತ ನಾನೂ ಅಂದುಕೊಂಡಿದ್ದೆ. ಅದರಲ್ಲಿ ಬರೆದಿರೋದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದೆ. ಅದನ್ನು ಕೂಡಿಸದೆ ಲೆಕ್ಕ ಹಾಕಿದರೆ ಹೋಗುವ ಪ್ರಯಾಣ ಅಷ್ಟು ಚಿಕ್ಕದಾಗಿ ಕಾಣುತ್ತೆ.

ವಾಪಸು ಬರಲು ನೇರ ವಿಮಾನವನ್ನೇ ಮಾಡಿಸಿದೆ. ನೇರ ವಿಮಾನದಲ್ಲೂ ಹೋಗೋದಕ್ಕಿಂತ ಬರೋದಕ್ಕೆ ಕಡಿಮೆ ಹೊತ್ತು ಅಂತ ಹೇಳಿದಾಗ ಅವ್ವ ಫೋನಲ್ಲಿ ಕೇಳಿದಳು: "ಅಲ್ಲಪ್ಪಾ, ದಾರಿ ಒಂದೇ ಅಲ್ಲೇನು? ಹೋಗಕ್ಕೊಂದು ಲೆಕ್ಕ, ಬರಕ್ಕೊಂದು ಲೆಕ್ಕ ಯಾಕೆ?" ಸರಿಯಾದ ಪ್ರಶ್ನೆ. ಭೂಮಿ ತಿರುಗೋದರಿಂದ ಅಂತ ತುಂಬಾ ಜನ ಹೇಳ್ತಾರೆ, ಅದು ತಪ್ಪು. ಭೂಮಿಯ ಜೊತೆ ಗಾಳಿಯೂ ತಿರುಗುತ್ತೆ, ವಿಮಾನವೂ. ಕಾರಣ ಬೇರೆ. ಸುಮಾರು 10 ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿ ಹೊಳೆಯ ಹಾಗೆ ಹರಿಯುತ್ತೆ, ಚಳಿಗಾಲದಲ್ಲಿ ಇನ್ನೂ ಜೋರು. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಇದರ ಮೇಲೆ ದೇಶದೇಶಗಳ ಜಗಳ ಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದ ಮೇಲೆ ಉತ್ತರ ಭಾರತದಿಂದ ಯುರೋಪಿಗೆ ಹೋಗುವವು ಸುತ್ತಿ ಹೋಗಬೇಕಾಯ್ತು.

ದೂರದಲ್ಲಿರುವ ಮಕ್ಕಳು ಅಪ್ಪ ಅವ್ವನಿಗೆ ಟಿಕೆಟ್ ಮಾಡುವಾಗ ದುಡ್ಡು ಉಳಿಸಬೇಕಿದ್ದರೆ ಬೇರೆಲ್ಲಾದರೂ ಉಳಿಸಲಿ. ನೇರ ವಿಮಾನ ಕೈಗೆಟುಕದಿದ್ದರೆ ನಡುವೆ ಮೂರು ತಾಸಾದರೂ ಇರಲಿ. ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿ, ಅದಕ್ಕೆ ನಾಚಿಕೆ ಬೇಡ. ನಡೆಯಲು ಬರುವವರಿಗೂ ಅದರಿಂದ ದಾರಿ ತೋರಿಸುವ ಒಬ್ಬರು ಜೊತೆಗೆ ಸಿಗುತ್ತಾರೆ.

ನಮ್ಮ ಬೀದಿಯ ಅಕ್ಕನೊಬ್ಬರು ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಅಳಿಯ ಕಳಿಸಿದ ಟಿಕೆಟ್ಟಿನಲ್ಲಿ ನಡುವಿನ ಬಿಡುವು 1 ತಾಸು 20 ನಿಮಿಷ. ನಿನ್ನೆ ರಾತ್ರಿಯೇ ಆ ಹುಡುಗನಿಗೆ ಫೋನ್ ಹಚ್ಚಿ, ಬದಲಿಸಪ್ಪಾ ಅಂದೆ.